ಅಲಾಸ್ಕಾ ಹಡಗುಯಾನದ ಮಳೆದಿನಗಳು: ಬಟ್ಟೆ ಮತ್ತು ತೀರದ ಸುತ್ತಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. "ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್ ಬುಕ್ ಮಾಡಿದ್ದೇವೆ, ಬಟ್ಟೆ ಏನೇನು ಬೇಕು, ಎಲ್ಲಿ ಇಳಿದು ಏನು ನೋಡಬೇಕು?" ಈ ದಾರಿಯಲ್ಲಿ ಮೂರು ಸಲ ಹೋಗಿಬಂದಿದ್ದೇನೆ, ಅದರಲ್ಲಿ ಎರಡು ಸಲ ಹಿರಿಯರೊಂದಿಗೆ. ಕೇಳಿದವರಿಗೆಲ್ಲ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನ ಮಾತು ದಾರಿಯಲ್ಲಿ ಹಡಗು ನಿಲ್ಲುವ ಕೆಚಿಕಾನ್ ಊರಿನದು, ಏಕೆಂದರೆ ನಮ್ಮವರು ತೊಯ್ದು ತೊಪ್ಪೆಯಾಗಿ, ಬೇಸರಪಟ್ಟುಕೊಂಡು ಹಡಗಿಗೆ ಮರಳುವುದು ಹೆಚ್ಚಾಗಿ ಅಲ್ಲಿಂದಲೇ. ಅಷ್ಟು ಸುಂದರವಾದ ಊರಿನಿಂದ ಹಾಗೆ ಬರಬೇಕಾಗಿಲ್ಲ. "ಮಳೆ ಬಂದರೆ ಏನು ಮಾಡೋಣ" ಎನ್ನುವುದನ್ನು ಬಿಟ್ಟು "ಮಳೆ ಬರುತ್ತದೆ" ಎಂದೇ ಇಟ್ಟುಕೊಂಡು ಬಟ್ಟೆ ತೆಗೆದಿಡಿ, ಪ್ರವಾಸ ಆರಿಸಿ.

## ಮಳೆ, ಚಳಿ, ತಿಂಗಳು

ಜುಲೈ ಎಂದರೆ ಅಲ್ಲಿ ಬೇಸಿಗೆ. ನಿಜವಾಗಿಯೂ ಅಷ್ಟು ಮಳೆ, ಅಷ್ಟು ಚಳಿ ಇರುತ್ತದೆಯೇ?

ಇರುತ್ತದೆ. ಕೆಚಿಕಾನ್‌ನಲ್ಲಿ ಜುಲೈ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 11ರ ಹತ್ತಿರ. ಅಂಕಿ ನೋಡಿದರೆ ಬೆಂಗಳೂರಿನ ಡಿಸೆಂಬರ್ ಬೆಳಗು ಎನ್ನಿಸಬಹುದು. ಆದರೆ ಬೆಂಗಳೂರಿನ ಡಿಸೆಂಬರ್ ಒಣಗಿರುತ್ತದೆ, ಹತ್ತು ಗಂಟೆಗೆ ಎಳೆಬಿಸಿಲು ಮೈಗೆ ತಾಗುತ್ತದೆ. ಇಲ್ಲಿ ಬಟ್ಟೆ ಒದ್ದೆ, ಮೇಲೆ ಸಮುದ್ರದ ಗಾಳಿ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಕಡಿಮೆ ಎಂದುಕೊಳ್ಳಿ.

ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು ಅದು. 1949ರಲ್ಲಿ 5,100 ಮಿ.ಮೀ. ದಾಟಿತ್ತು. ಹಡಗುಕಟ್ಟೆಯ ಹತ್ತಿರ ಆಳೆತ್ತರಕ್ಕಿಂತ ದೊಡ್ಡದೊಂದು ಮಳೆಮಾಪಕದ ಫಲಕವಿದೆ. ಊರಿನವರು ಮಳೆಗೆ ಇಟ್ಟ ಮುದ್ದಿನ ಹೆಸರು 'ದ್ರವರೂಪದ ಬಿಸಿಲು'. ಪೆಸಿಫಿಕ್ ಸಾಗರದ ತೇವಗಾಳಿ ಕರಾವಳಿಯ ಬೆಟ್ಟಸಾಲಿಗೆ ಬಡಿದು, ಮೇಲೇರಿ, ತಣಿದು ಸುರಿಯುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಆಗುವುದೂ ಇದೇ.

ಆಗುಂಬೆ ಮಳೆಯಲ್ಲಿ ಬೆಳೆದವರು ನಾವು. ನಮಗೆ ಇದೇನು ದೊಡ್ಡದು?

ನಾನೂ ತೀರ್ಥಹಳ್ಳಿ ಕಡೆಯವಳು, ನಾನೂ ಹೀಗೆಯೇ ಅಂದುಕೊಂಡಿದ್ದೆ. ಒಟ್ಟು ಲೆಕ್ಕದಲ್ಲಿ ಆಗುಂಬೆಯೇ ಮುಂದೆ, ಅಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಆದರೆ ಆ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕೆಚಿಕಾನ್‌ನಲ್ಲಿ ಹನ್ನೆರಡು ತಿಂಗಳೂ ಹಂಚಿಕೊಂಡು ಬೀಳುತ್ತದೆ. ಅಲ್ಲಿ ಪುಷ್ಯ ಮಳೆಯ ಆರ್ಭಟವಿಲ್ಲ, ಗುಡುಗು ಸಿಡಿಲು ಅಪರೂಪ. ಜಿಟಿಜಿಟಿ ಸೋನೆ, ಹಂಚಿನ ಮೇಲೆ ಸದ್ದೂ ಮಾಡದಷ್ಟು ಸಣ್ಣ ಹನಿ.

ಮೋಸವಿರುವುದು ಇಲ್ಲೇ. ನಮ್ಮ ಮಳೆ ಶುರುವಾದೊಡನೆ ಜನ ಜಗುಲಿಗೆ ಓಡುತ್ತಾರೆ. ಈ ಮಳೆಗೆ ಯಾರೂ ಓಡುವುದಿಲ್ಲ, "ಇಷ್ಟೇ ತಾನೇ" ಎಂದು ನಡೆಯುತ್ತಲೇ ಇರುತ್ತಾರೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಭುಜ, ತೊಡೆ, ಕಾಲುಚೀಲ ಎಲ್ಲ ಒದ್ದೆ. ಊರಿನಲ್ಲಿ ನೆನೆದು ಬಂದರೆ ಬಚ್ಚಲೊಲೆಯ ಮುಂದೆ ಕೂರಬಹುದು. ಅಲ್ಲಿ ಹಡಗು ಇನ್ನೂ ಎರಡು ಮೈಲಿ ದೂರದಲ್ಲಿರುತ್ತದೆ.

ಯಾವ ತಿಂಗಳು ಹೋದರೆ ಮಳೆ ಕಡಿಮೆ?

ಹಡಗುಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಕೆಚಿಕಾನ್‌ಗೆ ಜೂನ್, ಜುಲೈ ಇದ್ದುದರಲ್ಲಿ ಒಣ ತಿಂಗಳುಗಳು. ಆಗಸ್ಟ್‌ನಿಂದ ಮಳೆ ಏರುತ್ತ ಹೋಗಿ ಅಕ್ಟೋಬರ್‌ನಲ್ಲಿ ಅತಿ ಹೆಚ್ಚಾಗುತ್ತದೆ. ಆದರೆ ಹೊಳೆಯಲ್ಲಿ ಸಾಲ್ಮನ್ ಮೀನು ಏರುವುದನ್ನು, ಅದನ್ನು ತಿನ್ನಲು ಬರುವ ಕರಡಿಯನ್ನು ನೋಡಬೇಕೆಂದರೆ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿ. ನನ್ನನ್ನು ಕೇಳಿದರೆ, ಸ್ವಲ್ಪ ಮಳೆ ಹೆಚ್ಚಾದರೂ ಆಗಸ್ಟ್ ಎನ್ನುತ್ತೇನೆ.

ಫೋನಿನಲ್ಲಿ ಹತ್ತು ದಿನವೂ ಮೋಡ, ಹನಿ ತೋರಿಸುತ್ತಿದೆ. ಬುಕ್ ಮಾಡಿದ್ದನ್ನು ರದ್ದು ಮಾಡಲೇ?

ಬೇಡ. ಕೆಚಿಕಾನ್‌ಗೆ ಆ ಚಿತ್ರ ವರ್ಷದ ಬಹುಪಾಲು ದಿನ ಹಾಗೆಯೇ ಇರುತ್ತದೆ. ಇಳಿಯುವ ಹಿಂದಿನ ಸಂಜೆ ಗಾಳಿಯ ವೇಗ ನೋಡಿಕೊಳ್ಳಿ. ಮಳೆಯ ಮುನ್ಸೂಚನೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

## ಮೈಗೆ, ತಲೆಗೆ, ಕಾಲಿಗೆ

ಒಂದು ಒಳ್ಳೆಯ ದಪ್ಪ ಜಾಕೆಟ್ ಇದೆ. ಅದು ಸಾಲದೇ?

ಸಾಲದು, ಎಷ್ಟೋ ಸಲ ಅದು ಬೇಕಾಗಿಯೂ ಇಲ್ಲ. ಹಕ್ಕಿಯ ತುಪ್ಪುಳ ತುಂಬಿದ ದಪ್ಪ ಜಾಕೆಟ್ ಒಣ ಚಳಿಗೆ ಮಾಡಿದ್ದು. ತುಪ್ಪುಳ ಒದ್ದೆಯಾದರೆ ಮುದ್ದೆಯಾಗುತ್ತದೆ, ಒಳಗೆ ಹಿಡಿದಿಟ್ಟ ಗಾಳಿ ಹೋಗುತ್ತದೆ, ಗಾಳಿಯ ಜೊತೆಗೆ ಬಿಸಿಯೂ ಹೋಗುತ್ತದೆ.

ಈ ಹವೆಗೆ ಬೇಕಾದದ್ದು ಮೂರು ಪದರ. ಮೈಗೆ ಅಂಟುವಂತೆ ತೆಳುವಾದ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಒಳಉಡುಪು, ಬೆವರನ್ನು ಆಚೆ ಸಾಗಿಸಲು. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಬಿಸಿ ಹಿಡಿಯಲು. ಎಲ್ಲಕ್ಕಿಂತ ಹೊರಗೆ ನೀರು ನುಗ್ಗದ, ಟೋಪಿಯಿರುವ ಮಳೆ ಅಂಗಿ, ಸಾಧ್ಯವಾದರೆ ಜೊತೆಗೊಂದು ಮಳೆ ಪ್ಯಾಂಟು. ಬಸ್ಸಿನೊಳಗೆ ಸೆಕೆಯಾದರೆ ಒಂದು ಪದರ ತೆಗೆಯುತ್ತೀರಿ, ದೋಣಿಯ ಮೇಲೆ ಗಾಳಿ ಎದ್ದರೆ ಮತ್ತೆ ಹಾಕುತ್ತೀರಿ. ಒಂದೇ ದಿನದಲ್ಲಿ ನಾಲ್ಕೈದು ಸಲ ಹೀಗಾಗುತ್ತದೆ. ತಲೆಗೆ ಉಣ್ಣೆಯ ಟೋಪಿ ಬೇಕೇ ಬೇಕು. ಅಜ್ಜಂದಿರ ಮಂಕಿ ಕ್ಯಾಪ್ ಇದ್ದರೆ ಧಾರಾಳವಾಗಿ ತನ್ನಿ, ಕಿವಿ ಮತ್ತು ಕುತ್ತಿಗೆಯನ್ನು ಒಟ್ಟಿಗೆ ಮುಚ್ಚುವ ಅದಕ್ಕಿಂತ ಒಳ್ಳೆಯ ಟೋಪಿ ನಾನು ನೋಡಿಲ್ಲ.

ಜೀನ್ಸ್ ಬೇಡ, ಹತ್ತಿ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಕಾರಣವೇನು?

ಹತ್ತಿ ನೀರು ಕುಡಿಯುತ್ತದೆ, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟಿಕೊಂಡು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲ ಪ್ರವಾಸದಲ್ಲಿ ಅಪ್ಪ ಹೊಸ ಜೀನ್ಸ್ ತೊಟ್ಟಿದ್ದರು. ಮಧ್ಯಾಹ್ನ ಕೋಣೆಗೆ ಬಂದು ಅದನ್ನು ಬಿಚ್ಚಲು ನಾನೇ ಕಾಲ ಕಡೆಯಿಂದ ಎಳೆಯಬೇಕಾಯಿತು, ಅವರ ತೊಡೆಯ ಚರ್ಮ ಮುಟ್ಟಿದರೆ ಮಂಜುಗಡ್ಡೆಯಂತಿತ್ತು. ಮರುದಿನ ಸಂಜೆಯಾದರೂ ಆ ಪ್ಯಾಂಟಿನ ಸೊಂಟದ ಪಟ್ಟಿ ಒಣಗಿರಲಿಲ್ಲ.

ಉಣ್ಣೆಯ ಗುಣ ಬೇರೆ. ಅದರ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಎಳೆಗಳ ನಡುವಿನ ಗಾಳಿಯೂ ಉಳಿಯುತ್ತದೆ. ಇದನ್ನು ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಷಾಢದ ಜಡಿಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದ ನಮ್ಮ ಅಜ್ಜ ಹೊದ್ದದ್ದು ಕಂಬಳಿ ಕೊಪ್ಪೆಯನ್ನೇ. ಹೊರಗಿನ ನೀರು ಸೋರಿ ಇಳಿಯುತ್ತಿತ್ತು, ಒಳಗೆ ಬೆನ್ನು ಬೆಚ್ಚಗಿರುತ್ತಿತ್ತು. ಇಂದು ಅಂಗಡಿಯಲ್ಲಿ ಮೆರಿನೊ ಎಂದು ದುಬಾರಿ ಬೆಲೆಗೆ ಮಾರುವುದೂ ಕುರಿಯ ಉಣ್ಣೆಯೇ, ಎಳೆ ಇನ್ನಷ್ಟು ನಯ, ಅಷ್ಟೇ.

ಮಳೆ ಜಾಕೆಟ್ ಕೊಳ್ಳುವಾಗ ಏನು ನೋಡಬೇಕು?

ಚೀಟಿಯಲ್ಲಿ 'ವಾಟರ್‌ಪ್ರೂಫ್' ಎಂದಿರಬೇಕು. 'ವಾಟರ್ ರೆಸಿಸ್ಟೆಂಟ್' ಎಂದಿದ್ದರೆ ಅದು ಹತ್ತು ನಿಮಿಷದ ತುಂತುರಿಗೆ ಮಾತ್ರ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂಬುದನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. 10,000 ಅಥವಾ ಅದಕ್ಕಿಂತ ಹೆಚ್ಚಿರಲಿ. ಆಮೇಲೆ ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ನೀರು ನುಗ್ಗುವುದು ಸೂಜಿ ಚುಚ್ಚಿದ ತೂತುಗಳಿಂದ. ಒಳಗೆ ಸ್ವೆಟರ್ ಇಟ್ಟೇ ಅಳತೆ ನೋಡಿ, ಒಂದು ಸೈಜು ದೊಡ್ಡದಾದರೆ ತಪ್ಪಿಲ್ಲ.

ಮನೆಯಲ್ಲಿ ಹಳೆಯ ಜಾಕೆಟ್ ಇದ್ದರೆ ಅದರ ಮೇಲೆ ಒಂದು ಲೋಟ ನೀರು ಸುರಿಯಿರಿ. ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳಿದರೆ ಸರಿಯಿದೆ. ಬಟ್ಟೆ ಕಪ್ಪಾಗಿ ಹೀರಿಕೊಂಡರೆ ಮೇಲಿನ ಲೇಪ ಸವೆದಿದೆ ಎಂದರ್ಥ. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ, ತೊಳೆದು ಹಚ್ಚಿದರೆ ಹಳೆಯ ಜಾಕೆಟ್ ಮತ್ತೆ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ಟ್ರೆಕ್ಕಿಂಗ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಹಡಗುಕಟ್ಟೆಯ ಅಂಗಡಿಯಲ್ಲಿ ಕೊಳ್ಳೋಣ ಎಂದು ಬಿಡಬೇಡಿ, ನಿಮ್ಮ ಅಳತೆಯದು ಸಿಕ್ಕದಿದ್ದರೆ ದಿನವೇ ಹೋಗುತ್ತದೆ.

ಕೊಡೆ ತಂದರೆ ಆಗದೇ?

ತನ್ನಿ, ಆದರೆ ಅದನ್ನೇ ನಂಬಬೇಡಿ. ಗಾಳಿಗೆ ಮಗುಚಿಕೊಳ್ಳುತ್ತದೆ, ಇಕ್ಕಟ್ಟಾದ ಮರದ ಹಲಗೆ ದಾರಿಯಲ್ಲಿ ಎದುರು ಬರುವವರ ಕಣ್ಣಿಗೆ ತಾಗುತ್ತದೆ, ಒಂದು ಕೈಯನ್ನು ಕಟ್ಟಿಹಾಕುತ್ತದೆ. ಊರಿನವರು ಕೊಡೆ ಹಿಡಿಯುವುದು ಕಡಿಮೆ.

ಅಮ್ಮ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ. ಏನು ಮಾಡಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಇದರ ಹಿಂದಿನ ಮುಜುಗರ ನನಗೆ ಅರ್ಥವಾಗುತ್ತದೆ. ಅರವತ್ತೈದು ವರ್ಷ ಸೀರೆ ಉಟ್ಟವರನ್ನು ಏಳು ದಿನದ ಪ್ರವಾಸಕ್ಕೆಂದು ಪ್ಯಾಂಟಿಗೆ ಒತ್ತಾಯಿಸುವುದು ನನಗೆ ಸರಿಕಾಣುವುದಿಲ್ಲ. ನನ್ನ ಅಮ್ಮ ಮೊದಲ ದಿನ ಕೆಚಿಕಾನ್‌ನ ಕ್ರೀಕ್ ಸ್ಟ್ರೀಟ್‌ನಲ್ಲಿ ಹತ್ತಿಯ ಸೀರೆಯಲ್ಲೇ ನಡೆದರು. ಹಲಗೆಯ ಮೇಲೆ ನಿಂತ ನೀರನ್ನು ಸೀರೆಯ ಅಂಚು ಹೀರುತ್ತ ಹೀರುತ್ತ ಮೊಣಕಾಲಿನವರೆಗೆ ಬಣ್ಣ ಕಡುವಾಯಿತು. ನೆರಿಗೆಗಳು ಭಾರವಾಗಿ ಕಾಲಿಗೆ ಸುತ್ತಿಕೊಂಡವು. ಮೆಟ್ಟಿಲಿನ ಹತ್ತಿರ ಎಡವಿದರು, ಪಕ್ಕದಲ್ಲಿ ಕಟಕಟೆ ಇದ್ದದ್ದರಿಂದ ಬೀಳಲಿಲ್ಲ.

ಆ ಸಂಜೆ ನಾವಿಬ್ಬರೂ ಕೂತು ಒಂದು ದಾರಿ ಕಂಡುಕೊಂಡೆವು, ಮುಂದಿನ ಬಂದರುಗಳಿಗೆ ಅದೇ ನಡೆಯಿತು. ಒಳಗೆ ಉದ್ದ ತೋಳಿನ ಥರ್ಮಲ್ ಅಂಗಿ, ಕಾಲಿಗೆ ಥರ್ಮಲ್ ಲೆಗಿಂಗ್ಸ್. ಹತ್ತಿ, ರೇಷ್ಮೆ ಬಿಟ್ಟು ಹಗುರವಾದ ಸಿಂಥೆಟಿಕ್ ಸೀರೆ, ಅದು ನೀರು ಹೀರುವುದು ಕಡಿಮೆ, ಗಂಟೆಯೊಳಗೆ ಒಣಗುತ್ತದೆ. ಗದ್ದೆ ಕೆಲಸಕ್ಕೆ ಎತ್ತಿ ಕಟ್ಟುವಂತೆ ಕಣಕಾಲಿನಿಂದ ಒಂದು ಗೇಣು ಮೇಲಕ್ಕೆ ಉಡುವುದು, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ ಪಿನ್ನು ಹಾಕುವುದು. ಮೇಲೆ ಸ್ವೆಟರ್, ಅದರ ಮೇಲೆ ಮೊಣಕಾಲು ಮುಟ್ಟುವ ಉದ್ದನೆಯ ಮಳೆ ಅಂಗಿ. ಕಾಲಿಗೆ ಉಣ್ಣೆಯ ಕಾಲುಚೀಲ, ಶೂ. ಸೀರೆಯ ಜೊತೆ ಶೂ ಹಾಕಲು ಅಮ್ಮ ಮೊದಲು ಒಪ್ಪಲಿಲ್ಲ. ಎರಡನೆಯ ದಿನ ಯಾರೂ ಹೇಳದೆ ತಾವೇ ಲೇಸು ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದರು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ), ಹೆಲಿಕಾಪ್ಟರ್, ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಹತ್ತುವುದಿದ್ದರೆ ಪ್ಯಾಂಟು ಅಥವಾ ಸಲ್ವಾರ್ ಇರಲೇಬೇಕು. ಅಲ್ಲಿ ಸಡಿಲ ಬಟ್ಟೆ ಅಪಾಯ.

ಶೂ ಯಾವುದು? ಸ್ಪೋರ್ಟ್ಸ್ ಶೂ ನಡೆಯುತ್ತದೆಯೇ?

ಜಾಲರಿ ಬಟ್ಟೆಯ ಓಟದ ಶೂ ನಡೆಯುವುದಿಲ್ಲ, ಮೊದಲ ಕೊಚ್ಚೆಗೇ ನೀರು ಒಳಗೆ. ಅಟ್ಟೆಯಲ್ಲಿ ಆಳವಾದ ಕಚ್ಚುಗಳಿರುವ, ನೀರು ತಡೆಯುವ ವಾಕಿಂಗ್ ಶೂ ಸಾಕು. ಕೆಚಿಕಾನ್‌ನವರು ಕಂದು ಬಣ್ಣದ ರಬ್ಬರ್ ಬೂಟನ್ನು ಮದುವೆ ಮನೆಗೂ ಹಾಕಿಕೊಂಡು ಹೋಗುತ್ತಾರೆ ಎನ್ನುವಷ್ಟು ಅದು ಅಲ್ಲಿ ಸಾಮಾನ್ಯ. ಹೊಸ ಶೂ ತೆಗೆದುಕೊಂಡರೆ ಎರಡು ವಾರ ಮೊದಲೇ ಮನೆಯ ಸುತ್ತ ಹಾಕಿ ನಡೆಯಿರಿ. ಕೈಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟುಕೊಳ್ಳಿ. ಈ ಇಡೀ ಪುಟದಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಸುಖ ಕೊಡುವ ಸಲಹೆ ಇದು.

## ತೀರಕ್ಕೆ ಇಳಿದ ಮೇಲೆ

ಹಡಗಿನವರ ಮೂಲಕವೇ ಪ್ರವಾಸ ಬುಕ್ ಮಾಡಬೇಕೇ, ನಾವೇ ಮಾಡಿಕೊಂಡರೆ ಅಗ್ಗವಲ್ಲವೇ?

ಸಾಮಾನ್ಯವಾಗಿ ಅಗ್ಗ, ಗುಂಪೂ ಚಿಕ್ಕದು. ಆದರೆ ಹಡಗಿನ ಮೂಲಕ ಬುಕ್ ಮಾಡಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನೀವೇ ಮಾಡಿಕೊಂಡದ್ದಕ್ಕೆ ಕಾಯುವುದಿಲ್ಲ. ನನ್ನ ಲೆಕ್ಕ ಇಷ್ಟು: ಊರಿನೊಳಗಿನದು, ನಡೆದೇ ಹಿಂತಿರುಗಬಹುದಾದದ್ದು, ಎರಡು ಮೂರು ಗಂಟೆಯದು ಎಲ್ಲವನ್ನೂ ನೀವೇ ಮಾಡಿಕೊಳ್ಳಿ. ದೂರದ ದೋಣಿ, ವಿಮಾನ, ರೈಲು ಎಂದರೆ ಹಡಗಿನ ಮೂಲಕ ಮಾಡಿ. ಹವಾಮಾನದಿಂದ ಅವರೇ ರದ್ದು ಮಾಡಿದರೆ ಹಣ ಸಾಮಾನ್ಯವಾಗಿ ಪೂರ್ತಿ ಹಿಂದಿರುಗುತ್ತದೆ. "ಮಳೆ ಬರುತ್ತಿದೆ" ಎಂದು ನೀವು ಹೋಗದಿದ್ದರೆ ಹಿಂದಿರುಗುವುದಿಲ್ಲ.

ಕೆಚಿಕಾನ್‌ನಲ್ಲಿ ಆರು ಗಂಟೆ ಸಿಗುತ್ತದೆ. ದುಬಾರಿ ಪ್ರವಾಸ ಕೊಳ್ಳದೆ ನಡೆದು ಏನು ನೋಡಬಹುದು?

ಮೊದಲು ನಿಮ್ಮ ಹಡಗು ಎಲ್ಲಿ ನಿಲ್ಲುತ್ತದೆ ನೋಡಿ. ಹೆಚ್ಚಿನವು ಊರಿನ ಮಧ್ಯದ ಕಟ್ಟೆಗೆ ಬರುತ್ತವೆ. ಕೆಲವು 2021ರಲ್ಲಿ ಶುರುವಾದ, ಹನ್ನೊಂದು ಕಿಲೋಮೀಟರ್ ಉತ್ತರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ ಇದೆ, ಆದರೆ ಹೋಗಿಬರುವ ಸಾಲು, ಪ್ರಯಾಣ ಸೇರಿ ಒಂದು ಗಂಟೆ ಕಳೆಯಿತು ಎಂದುಕೊಳ್ಳಿ.

ಊರಿನ ಕಟ್ಟೆಯಿಂದ ಹತ್ತು ನಿಮಿಷ ನಡೆದರೆ ಕ್ರೀಕ್ ಸ್ಟ್ರೀಟ್. ಹೊಳೆಯ ಮೇಲೆ ಮರದ ಕಂಬ ನಿಲ್ಲಿಸಿ ಕಟ್ಟಿದ ಬೀದಿ ಅದು. ಒಂದು ಕಾಲದಲ್ಲಿ ಇಡೀ ಬೀದಿ ವೇಶ್ಯಾಗೃಹಗಳದಾಗಿತ್ತು, 1954ರಲ್ಲಿ ಮುಚ್ಚಿಸಿದರು. ಈಗ ಬಣ್ಣಬಣ್ಣದ ಅಂಗಡಿಗಳು. ಅಂಗಡಿ ನೋಡಿ ಹಿಂತಿರುಗಬೇಡಿ, ಹೊಳೆಯ ಗುಂಟ ಮೇಲಕ್ಕೆ ನಡೆಯಿರಿ. ಆಗಸ್ಟ್‌ನಲ್ಲಿ ಸೇತುವೆಯಿಂದ ಬಗ್ಗಿ ನೋಡಿದರೆ ಮೊದಲಿಗೆ ಹೊಳೆಯ ತಳ ಕಪ್ಪಗೆ ಕಾಣುತ್ತದೆ. ದಿಟ್ಟಿಸಿದಾಗ ಆ ಕಪ್ಪು ಅಲುಗಾಡುತ್ತದೆ. ಅಷ್ಟೂ ಮೀನು, ಪ್ರವಾಹಕ್ಕೆ ಎದುರಾಗಿ ಮುಖ ಮಾಡಿ ಸಾಲಾಗಿ ನಿಂತ ಸಾಲ್ಮನ್. ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮೊಟ್ಟೆಯಿಡಲು ಬಂದು, ಇಟ್ಟ ಮೇಲೆ ಸಾಯುತ್ತವೆ. ಬೆನ್ನಿನ ಚರ್ಮ ಬಿಳಿಚಿ ಹರಿದಿದ್ದರೂ ಒಂದೊಂದೇ ಬಂಡೆ ಹಾರುತ್ತವೆ. ದಡದಲ್ಲಿ ಸತ್ತ ಮೀನಿನ ವಾಸನೆ ಗಾಢವಾಗಿರುತ್ತದೆ, ಸಸ್ಯಾಹಾರಿ ಹಿರಿಯರಿಗೆ ಮೊದಲೇ ಹೇಳಿಡಿ. ನನ್ನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಇಪ್ಪತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಒಂದು ಮೀನು ಮೂರು ಸಲ ಜಾರಿ ನಾಲ್ಕನೆಯ ಸಲ ಮೇಲೇರಿದಾಗ "ಗೆದ್ದಿತು" ಎಂದು ಅವರು ಹೇಳಿದ ದನಿ ಈಗಲೂ ಕಿವಿಯಲ್ಲಿದೆ.

ಇನ್ನೂ ಕಾಲು ಗಂಟೆ ಮೇಲಕ್ಕೆ ನಡೆದರೆ ಟೋಟೆಮ್ ಹೆರಿಟೇಜ್ ಸೆಂಟರ್ ಸಿಗುತ್ತದೆ. ಅಲ್ಲಿ ಸೂರಿದೆ, ಕೂರಲು ಜಾಗವಿದೆ, ಮಳೆಯಲ್ಲಿ ತಾಸು ಕಳೆಯಲು ಹೇಳಿ ಮಾಡಿಸಿದ್ದು.

ಟೋಟೆಮ್ ಕಂಬ ಎಂದರೆ ದೇವರೇ? ಮಳೆಯಲ್ಲಿ ನಿಂತು ನೋಡುವಂಥದ್ದು ಅದರಲ್ಲಿ ಏನಿದೆ?

ದೇವರಲ್ಲ, ಪೂಜೆಯಿಲ್ಲ. ಕ್ಲಿಂಗಿಟ್, ಹೈಡಾ, ಸಿಮ್ಷಿಯನ್ ಜನರು ಸೀಡರ್ ಮರದಲ್ಲಿ ಕೆತ್ತಿ ನಿಲ್ಲಿಸುವ ಈ ಕಂಬಗಳು ಮನೆತನದ ಗುರುತು, ಹಿರಿಯರ ನೆನಪು, ನಡೆದ ಘಟನೆಯ ದಾಖಲೆ. ನಮ್ಮ ವೀರಗಲ್ಲು, ಮಾಸ್ತಿಗಲ್ಲುಗಳನ್ನು ನೆನೆದರೆ ಬೇಗ ಹತ್ತಿರವಾಗುತ್ತವೆ. ಒಂದು ವ್ಯತ್ಯಾಸವಿದೆ: ಕಲ್ಲು ಉಳಿಯುತ್ತದೆ, ಮರ ಈ ಮಳೆಯಲ್ಲಿ ಕರಗುತ್ತದೆ. ಬಿದ್ದ ಕಂಬವನ್ನು ಕಾಡಿಗೇ ಬಿಡುವುದು ಅವರ ಹಿಂದಿನ ಸಂಪ್ರದಾಯ. 1976ರಲ್ಲಿ ತೆರೆದ ಹೆರಿಟೇಜ್ ಸೆಂಟರ್‌ನಲ್ಲಿ ಜನ ಬಿಟ್ಟುಹೋದ ಹಳ್ಳಿಗಳಿಂದ ತಂದ 19ನೇ ಶತಮಾನದ ಕಂಬಗಳಿವೆ. ಬಣ್ಣವಿಲ್ಲ, ಬಿರುಕು ಬಿಟ್ಟಿವೆ, ಅವುಗಳ ಎದುರು ದನಿ ತಾನಾಗಿ ತಗ್ಗುತ್ತದೆ. ನಾಲ್ಕು ಕಿಲೋಮೀಟರ್ ದಕ್ಷಿಣದ ಸ್ಯಾಕ್ಸ್‌ಮನ್ ಹಳ್ಳಿಯಲ್ಲೂ ಹದಿನಾರು ಕಿಲೋಮೀಟರ್ ಉತ್ತರದ ಟೋಟೆಮ್ ಬೈಟ್‌ನಲ್ಲೂ ಬಯಲಿನಲ್ಲಿ ನಿಂತ ಕಂಬಗಳಿವೆ. 1938ರಿಂದ ಆ ಜನಾಂಗದ ಕೆತ್ತನೆಗಾರರೇ ಹಳೆಯದನ್ನು ದುರಸ್ತಿ ಮಾಡಿ, ಹೊಸದನ್ನು ಕೆತ್ತಿ ನಿಲ್ಲಿಸಿದ್ದು. ಮಳೆಯಲ್ಲಿ ಒದ್ದೆಯಾದ ಸೀಡರ್‌ನ ಕಂಪು, ಬಣ್ಣದ ಹೊಳಪು ಬಿಸಿಲಿನಲ್ಲಿ ಸಿಗುವುದಿಲ್ಲ.

ಕೆಚಿಕಾನ್ ಹತ್ತಿರದ ಮಿಸ್ಟಿ ಫಿಯರ್ಡ್ಸ್‌ಗೆ, ಅಂದರೆ ಕಡಿದಾದ ಗ್ರಾನೈಟ್ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಕಣಿವೆಗಳಿಗೆ, ಸೀಪ್ಲೇನ್ ಬುಕ್ ಮಾಡಿದ್ದೇವೆ. ಮೋಡ ಕವಿದರೆ ಹೇಗೆ?

ಪೈಲಟ್ ಹಾರುವುದಿಲ್ಲ ಎಂದರೆ ಧನ್ಯವಾದ ಹೇಳಿ ಹಿಂತಿರುಗಿ. ಒತ್ತಾಯಿಸಬೇಡಿ, ಬೇಸರದ ಮುಖವನ್ನೂ ಮಾಡಬೇಡಿ. 2015ರ ಜೂನ್‌ನಲ್ಲಿ ಇಲ್ಲಿಯೇ ಹಡಗಿನ ಪ್ರಯಾಣಿಕರನ್ನು ಹೊತ್ತ ಸೀಪ್ಲೇನ್ ಬೆಟ್ಟಕ್ಕೆ ಅಪ್ಪಳಿಸಿ ಒಂಬತ್ತು ಮಂದಿ ತೀರಿಕೊಂಡರು. ಕಣ್ಣು ಕಾಣದ ಮೋಡದಲ್ಲೂ ಹಾರಾಟ ಮುಂದುವರಿಸಿದ್ದು, ಕೆಟ್ಟ ಹವೆಯಲ್ಲಿ ಹಾರುವುದನ್ನು ಸಹಜವೆಂದು ಒಪ್ಪಿಕೊಂಡಿದ್ದ ವಾತಾವರಣ, ಇವೆರಡನ್ನೂ ತನಿಖೆ ಎತ್ತಿ ತೋರಿಸಿತು. 2019ರ ಮೇ ತಿಂಗಳಲ್ಲಿ ಎರಡು ಪ್ರವಾಸಿ ಸೀಪ್ಲೇನ್‌ಗಳು ಆಕಾಶದಲ್ಲಿ ಡಿಕ್ಕಿಯಾಗಿ ಆರು ಮಂದಿ ಸತ್ತರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಎಷ್ಟೋ ಸಾವಿರ ಜನ ಹಾರಿ ಬರುತ್ತಾರೆ. ಆದರೆ "ಇಷ್ಟು ದುಡ್ಡು ಕೊಟ್ಟಿದ್ದೇವೆ" ಎಂಬ ಮಾತು ಅಲ್ಲಿ ಬರಬಾರದು.

ನನ್ನ ಆಯ್ಕೆ ದೋಣಿ. ಮುಚ್ಚಿದ, ಬೆಚ್ಚನೆಯ ಕೋಣೆಯಿರುವ ದೋಣಿಗಳು ನಾಲ್ಕು ಗಂಟೆಯ ಸುತ್ತಿಗೆ ಕರೆದೊಯ್ಯುತ್ತವೆ. ಮೋಡ ತಗ್ಗಿದರೂ ಅವು ಹೋಗುತ್ತವೆ. ಮಳೆ ಹೆಚ್ಚಾದಷ್ಟೂ ಆ ಗ್ರಾನೈಟ್ ಗೋಡೆಗಳಿಂದ ಇಳಿಯುವ ಜಲಪಾತಗಳು ಹೆಚ್ಚುತ್ತವೆ. ಜೋಗವನ್ನು ಮಳೆಗಾಲದಲ್ಲೇ ನೋಡಬೇಕು ಎನ್ನುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಹಡಗು ನಿಲ್ಲುವ ಇನ್ನೊಂದು ಊರಾದ ಜುನೋದಲ್ಲಿ ಮಳೆ ಬಂದರೆ ಹಿಮನದಿಯೋ, ತಿಮಿಂಗಿಲವೋ?

ತಿಮಿಂಗಿಲ. ಅವು ಹೇಗೂ ನೀರಿನಲ್ಲೇ ಇರುತ್ತವೆ, ದೋಣಿಯೊಳಗೆ ಬೆಚ್ಚಗೆ ಕೂತು ಉಸಿರಿನ ಚಿಲುಮೆ ಕಂಡಾಗ ಮಾತ್ರ ಹೊರಬರಬಹುದು. ಸಮಯವಿದ್ದರೆ ಮೆಂಡೆನ್‌ಹಾಲ್ ಹಿಮನದಿಯನ್ನೂ ಸೇರಿಸಿಕೊಳ್ಳಿ. ಅಲ್ಲಿಂದ ನಗೆಟ್ ಜಲಪಾತಕ್ಕೆ ಹೋಗುವ ದಾರಿ ಹೆಚ್ಚೂಕಡಿಮೆ ಸಮತಟ್ಟು, ಹೋಗಲು ಒಂದೂವರೆ ಕಿಲೋಮೀಟರ್. ಮಂಜುಗಡ್ಡೆಯ ಮೇಲಿಂದ ಬೀಸುವ ಗಾಳಿ ಊರಿಗಿಂತ ತಣ್ಣಗಿರುತ್ತದೆ, ಕೈಗವಸು ಜೇಬಿನಲ್ಲಿರಲಿ. ಕರಡಿಗಳಿರುವುದರಿಂದ ಆ ದಾರಿಗೆ ತಿಂಡಿ ಒಯ್ಯುವಂತಿಲ್ಲ. ಚಕ್ಕುಲಿ, ಖಾರಾಬೂಂದಿ ಹಡಗಿನಲ್ಲೇ ಇರಲಿ.

ಕಟ್ಟೆಯ ಪಕ್ಕದಿಂದ ಬೆಟ್ಟಕ್ಕೇರುವ ಟ್ರಾಮ್‌ಗೆ ಮುಂಚಿತವಾಗಿ ಟಿಕೆಟ್ ಬೇಡ. ತಲೆಯೆತ್ತಿ ನೋಡಿ, ಮೇಲಿನ ನಿಲ್ದಾಣ ಕಂಡರೆ ಮಾತ್ರ ಕೊಳ್ಳಿ.

ಅತ್ತೆಗೆ ಮೊಣಕಾಲು ನೋವು, ಮಾವನಿಗೆ ಎಪ್ಪತ್ತೈದು. ಅವರಿಗೆ ಯಾವುದು ಸರಿ?

ಹಡಗು ನಿಲ್ಲುವ ಮತ್ತೊಂದು ಊರಾದ ಸ್ಕ್ಯಾಗ್ವೇಯಿಂದ ಹೊರಡುವ ವೈಟ್ ಪಾಸ್ ರೈಲು, ಎರಡು ಮಾತಿಲ್ಲ. ಚಿನ್ನ ಅರಸಿ ಹೊರಟವರ ಕಾಲದಲ್ಲಿ, 1898ರಿಂದ 1900ರ ನಡುವೆ, ಹಾಕಿದ ಮೂರು ಅಡಿ ಅಗಲದ ಹಳಿ. ಸಮುದ್ರಮಟ್ಟದಿಂದ 32 ಕಿಲೋಮೀಟರ್‌ನಲ್ಲಿ 873 ಮೀಟರ್ ಏರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಗಲು ರೈಲಿನಲ್ಲಿ ಹೋದವರಿಗೆ ಆ ರೋಮಾಂಚನ ಗೊತ್ತು. ಏರುವಾಗ ಎಡಬದಿಯ ಕಿಟಕಿ ಹಿಡಿಯಿರಿ. ಸ್ಕ್ಯಾಗ್ವೇಯಲ್ಲಿ ಬೀಳುವ ಮಳೆ ಕೆಚಿಕಾನ್‌ನ ಐದನೇ ಒಂದು ಭಾಗದಷ್ಟು ಮಾತ್ರ, ಆದರೆ ಗಾಳಿ ಜೋರು.

ಕೆಚಿಕಾನ್‌ನಲ್ಲಿ ಅವರಿಗೆ ಬಸ್ಸಿನಲ್ಲಿ ಹೋಗುವ ಸ್ಯಾಕ್ಸ್‌ಮನ್ ಪ್ರವಾಸ ಆರಿಸಿ. ಸಣ್ಣ ದೋಣಿ, ಸೀಪ್ಲೇನ್ ಇರುವ ಕಟ್ಟೆಗೆ ಇಳಿಯುವ ಓಣಿಹಲಗೆಯ ಇಳಿಜಾರನ್ನು ಮೊದಲೇ ಯೋಚಿಸಿ. ಅಲ್ಲಿ ಸಮುದ್ರದ ಉಬ್ಬರ ಇಳಿತದ ಅಂತರ ಕೆಲವು ದಿನ ಆರು ಮೀಟರ್ ದಾಟುತ್ತದೆ. ಉಬ್ಬರದ ಹೊತ್ತಿನಲ್ಲಿ ಸಮತಟ್ಟಾಗಿದ್ದ ಹಲಗೆ ಇಳಿತದ ಹೊತ್ತಿಗೆ ಏಣಿಯಂತಾಗುತ್ತದೆ. ಆ ದಿನದ ಉಬ್ಬರದ ವೇಳೆ ಹಡಗಿನ ಪ್ರವಾಸ ಮೇಜಿನಲ್ಲಿ ಕೇಳಿದರೆ ಹೇಳುತ್ತಾರೆ.

## ಎರಡನೆಯ ಸಲ ಕೇಳುವವರ ಪ್ರಶ್ನೆಗಳು

ಅಪ್ಪ ಅಮ್ಮನದು ಭಾರತೀಯ ಪಾಸ್‌ಪೋರ್ಟ್, ಅಮೆರಿಕ ವೀಸಾ ಇದೆ. ಕೆನಡಾ ವೀಸಾ ಯಾಕೆ ಬೇಕು?

1886ರ ಅಮೆರಿಕದ ಕಾನೂನೊಂದರ ಪ್ರಕಾರ ವಿದೇಶಿ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದಾದರೆ ನಡುವೆ ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕಾಗಿಯೇ ಬಹುತೇಕ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಭಾರತೀಯ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು, ಹಡಗು ಹತ್ತುವಾಗಲೇ ಪರೀಕ್ಷಿಸುತ್ತಾರೆ, ಇಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ. ವೈಟ್ ಪಾಸ್ ರೈಲಿನಲ್ಲಿ ಫ್ರೇಸರ್, ಕಾರ್‌ಕ್ರಾಸ್ ಕಡೆಗೆ ಹೋಗುವ ಪ್ರವಾಸವೂ ಕೆನಡಾ ಪ್ರವೇಶವೇ. ಎರಡು ಸಲ ಗಡಿ ದಾಟುವುದಾದರೆ ಹಲವು ಪ್ರವೇಶದ ವೀಸಾ ಇರಬೇಕು. ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿ.

ಗಡಿಯಾರ ಒಂದು ಗಂಟೆ ಹೆಚ್ಚುಕಡಿಮೆ ಆಗುತ್ತದಂತೆ, ಹೌದೇ?

ಹೌದು, ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗು ಯಾವಾಗ ಗಡಿಯಾರ ತಿದ್ದುತ್ತದೆ ಎಂದು ಹಿಂದಿನ ರಾತ್ರಿಯ ಪ್ರಕಟಣೆಯಲ್ಲಿ ಓದಿ. ಮೊಬೈಲ್ ತಾನಾಗಿ ಬದಲಾಗುತ್ತದೆ, ಹಡಗಿನ ಸಮಯ ಬೇರೆ ಇರಬಹುದು. ಹಿಂತಿರುಗುವ ಲೆಕ್ಕಕ್ಕೆ ಒಂದು ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ.

ಹಿರಿಯರಿಗೆ ಚಳಿ ಮಿತಿ ಮೀರಿತು ಎಂದು ಹೇಗೆ ತಿಳಿಯುವುದು?

ನಡುಕ ಮೊದಲ ಸೂಚನೆ. ಆಮೇಲೆ ಕೈಬೆರಳು ಮಾತು ಕೇಳುವುದಿಲ್ಲ, ಜಿಪ್ ಹಾಕಲು ಪರದಾಡುತ್ತಾರೆ. ಹೆಜ್ಜೆ ತಡವರಿಸುತ್ತದೆ, ಮಾತು ತೊದಲುತ್ತದೆ. ಹಿರಿಯರು "ನನಗೇನೂ ಆಗಿಲ್ಲ" ಎನ್ನುತ್ತಾರೆ, ಮಕ್ಕಳಿಗೆ ತೊಂದರೆಯಾಗಬಾರದು ಎಂಬ ಪ್ರೀತಿಯಿಂದ. ಅವರ ಮಾತಿಗಿಂತ ಕೈಯನ್ನು ನೋಡಿ. ಹತ್ತು ಡಿಗ್ರಿಯಲ್ಲೂ ಒದ್ದೆ ಬಟ್ಟೆ, ಗಾಳಿ ಸೇರಿದರೆ ಇದು ಆಗುತ್ತದೆ. ಕೂಡಲೇ ಹತ್ತಿರದ ಅಂಗಡಿಯೊಳಗೆ ಕರೆದೊಯ್ದು ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಸುತ್ತಿ, ಬಿಸಿ ಸಿಹಿ ಪಾನೀಯ ಕೊಡಿ. ಮದ್ಯ ಬೇಡ. ನಡುಕ ನಿಂತು ಮಂಕು ಕವಿದರೆ 911ಕ್ಕೆ ಕರೆ ಮಾಡಿ, ಕಾಯಬೇಡಿ.

ನಾಲ್ವರೂ ನೆನೆದು ಬಂದರೆ ಆ ಸಣ್ಣ ಕೋಣೆಯಲ್ಲಿ ಬಟ್ಟೆ ಒಣಗಿಸುವುದು ಎಲ್ಲಿ?

ಹಡಗಿನ ಕೋಣೆಯ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ಆಯಸ್ಕಾಂತದ ಕೊಕ್ಕೆ ಆರೇಳು ತಂದರೆ ಗೋಡೆಯಲ್ಲೇ ನೇತುಹಾಕಬಹುದು. ಸ್ನಾನದ ಜಾಗದಲ್ಲಿ ಎಳೆದು ಕಟ್ಟುವ ತಂತಿ ಹೆಚ್ಚಿನ ಹಡಗುಗಳಲ್ಲಿರುತ್ತದೆ. ಇಸ್ತ್ರಿಪೆಟ್ಟಿಗೆ ತರಬೇಡಿ, ಬೆಂಕಿಯ ಭಯದಿಂದ ಕಿತ್ತುಕೊಂಡು ಇಟ್ಟುಕೊಳ್ಳುತ್ತಾರೆ. ಸ್ವೆಟರ್, ಒಳಉಡುಪನ್ನು ಒಣ ಟವೆಲಿನಲ್ಲಿ ಚಾಪೆ ಸುತ್ತುವಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ, ಆಮೇಲೆ ಹರವಿ. ಅರ್ಧದಷ್ಟು ನೀರು ಟವೆಲಿಗೇ ಹೋಗುತ್ತದೆ. ಶೂವಿನ ಒಳ ಅಟ್ಟೆಯನ್ನು ಹೊರತೆಗೆದು, ಹಡಗಿನವರು ದಿನಾ ಕೊಡುವ ಕಾರ್ಯಕ್ರಮದ ಹಾಳೆಗಳನ್ನು ಮುದುರಿ ಒಳಗೆ ತುರುಕಿ. ಮಲಗುವ ಮುನ್ನ ಒಮ್ಮೆ ಆ ಹಾಳೆ ಬದಲಿಸಿದರೆ ಬೆಳಿಗ್ಗೆ ಜುನೋದಲ್ಲಿ ಇಳಿಯುವ ಹೊತ್ತಿಗೆ ಒಣಗಿರುತ್ತವೆ.